ತೂಬು ಎಲ್ಲಿದೆ?

2021ರ ನವೆಂಬರ್. ರಾತ್ರಿ ಹನ್ನೊಂದೂವರೆಗೆ ಊರಿನಿಂದ ಫೋನು. ಚಿಕ್ಕಪ್ಪನ ಮಗ ಮಳೆಯ ಸದ್ದನ್ನು ಮೀರಿ ಕೂಗುತ್ತಿದ್ದ: "ಅಣ್ಣಾ, ಕೆರೆ ಕೋಡಿ ಹೋಗ್ತಾ ಐತೆ!" ಹಿಂದೆಯೇ ವಾಟ್ಸಾಪ್‌ನಲ್ಲಿ ವಿಡಿಯೊ ಬಂತು. ಕತ್ತಲು, ನಾಲ್ಕಾರು ಮೊಬೈಲ್ ಬೆಳಕು, ಹುಡುಗರ ಕೇಕೆ, ಅದರಡಿಯಲ್ಲಿ ಒಂದೇ ಸಮನೆ ಭೋರೆನ್ನುವ ನೀರು. ಆ ಸದ್ದನ್ನು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ಲೆಕ್ಕ ಹಾಕುತ್ತಾ ಮಲಗಿದೆ. ಆ ದಿನಗಳಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಕೆರೆಯೂ ತುಂಬಿ ಹರಿದಿತ್ತು. ಜಿಲ್ಲೆಯಲ್ಲಿ ಯಾರನ್ನು ಮಾತಾಡಿಸಿದರೂ ಕೋಡಿಯದೇ ಸುದ್ದಿ.

ಎರಡು ಗಂಟೆಗೆ ಮತ್ತೆ ಫೋನು. ಈ ಸಲ ಕೂಗಿಲ್ಲ. ಏರಿಯ ಹೊರಮೈಯಲ್ಲಿ ಒಂದು ಕಡೆ ನೀರು ಜಿನುಗುತ್ತಿದೆಯಂತೆ. ತೂಬು ಎತ್ತಿದರೆ ಕೆರೆಯ ಭಾರ ಸ್ವಲ್ಪ ಇಳಿಯುತ್ತದೆ ಎಂದು ವಯಸ್ಸಾದವರು ಯಾರೋ ಹೇಳಿದರಂತೆ. ಜೆಸಿಬಿ ಬಂದು ನಿಂತಿದೆ, ಊರ ಹುಡುಗರೆಲ್ಲ ಏರಿಯ ಮೇಲಿದ್ದಾರೆ. "ತೂಬು ಎಲ್ಲೈತೆ ಅಂತ ನಿಂಗೇನಾದ್ರೂ ಗೊತ್ತಾ ಅಣ್ಣಾ?"

ನಲವತ್ತು ವರ್ಷದಿಂದ ಬೆಂಗಳೂರಿನಲ್ಲಿರುವವನನ್ನು ಊರಿನಲ್ಲಿರುವವರು ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ. ಬೆಳಗಿನ ಜಾವ ಕೋಡಿಯ ಕಲ್ಲುಕಟ್ಟಡವನ್ನೇ ಜೆಸಿಬಿಯಲ್ಲಿ ಒಂದಷ್ಟು ಒಡೆದು ನೀರು ಹೊರಗೆ ಬಿಟ್ಟರು. ಏರಿ ಉಳಿಯಿತು. ಕೋಡಿಯ ಕೆಳಗಿನ ಎರಡು ಹಿಪ್ಪುನೇರಳೆ ತೋಟ ಮಣ್ಣಿನ ಸಮೇತ ಹೋಯಿತು. ನಮ್ಮ ತಾತನ ಕಾಲದಲ್ಲೂ ಅಲ್ಲಾಡದಿದ್ದ ಕೋಡಿಕಲ್ಲುಗಳು ಇವತ್ತಿಗೂ ಹಳ್ಳದಲ್ಲಿ ಬಿದ್ದಿವೆ.

ತೂಬು ಎಂದರೇನೆಂದು ಈಗ ಬಿಡಿಸಿ ಹೇಳಬೇಕಾಗಿದೆ. ಏರಿಯ ಒಳಮಗ್ಗುಲಲ್ಲಿ, ನೀರಿನೊಳಗೆ, ಎರಡು ಎತ್ತರದ ಕಲ್ಲುಕಂಬ. ಅವುಗಳ ನಡುವೆ ಅಡ್ಡಕ್ಕೆ ತೂತು ಕೊರೆದ ಹಾಸುಗಲ್ಲು. ತಳದಲ್ಲಿ ಕಲ್ಲಿನ ಪೆಟ್ಟಿಗೆ, ಅದರ ಮುಚ್ಚಳದಲ್ಲಿ ಒಂದು ಕಂಡಿ, ಕಂಡಿಗೆ ತಕ್ಕ ಮರದ ಗೂಟ. ಗೂಟಕ್ಕೆ ಕಟ್ಟಿದ ಗಳು ಮೇಲಿನ ಹಾಸುಗಲ್ಲಿನ ತೂತಿನಿಂದ ಹೊರಗೆ ಬಂದಿರುತ್ತದೆ. ಗಳು ಎತ್ತಿದರೆ ನೀರು ಏರಿಯ ಅಡಿಯ ಕಲ್ಲುಗಾಲುವೆ ಹಿಡಿದು ಗದ್ದೆಬಯಲಿಗೆ ಹೋಗುತ್ತದೆ. ಇಷ್ಟೇ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾನಾಗಿ ತೆರೆದು ಮುಚ್ಚಿಕೊಳ್ಳುವ ಬಾಗಿಲು ಕೂಡಿಸಿ ಹೆಸರಾದರು. ಅವರ ಊರಿನ ಸುತ್ತಲಿನ ಕೆರೆಗಳಲ್ಲಿ ಮಾತ್ರ ಗೂಟ ಎತ್ತಲು ಒಬ್ಬ ಮನುಷ್ಯ ನೀರಿಗಿಳಿಯಲೇಬೇಕಿತ್ತು. ಆ ಮನುಷ್ಯನೇ ನೀರುಗಂಟಿ.

ನಮ್ಮೂರ ನೀರುಗಂಟಿಯನ್ನು ಮಕ್ಕಳಾದ ನಾವೂ ಏಕವಚನದಲ್ಲೇ ಕರೆಯುತ್ತಿದ್ದೆವು. ಅವರಿಗೆ ಆಗಲೇ ಅರವತ್ತಿರಬೇಕು. ಬೇರೆ ಯಾವ ಮುದುಕರನ್ನಾದರೂ "ತಾತಾ" ಎನ್ನುತ್ತಿದ್ದ ಬಾಯಿ ಅವರ ಹತ್ತಿರ ಬಂದಾಗ "ಏಯ್" ಎನ್ನುತ್ತಿತ್ತು. ಅವರ ಮನೆ ಊರ ಹೊರಗಿನ ಕೇರಿಯಲ್ಲಿತ್ತು, ಕಾರಣ ಅಷ್ಟೇ. ಈಗ ಬರೆಯುವಾಗ "ಅವರು" ಎಂದು ಬರೆಯುತ್ತಿದ್ದೇನೆ. ಕೇಳಿಸಿಕೊಳ್ಳಲು ಅವರಿಲ್ಲ.

ಹೆಗಲ ಮೇಲೆ ಸನಿಕೆ, ತಲೆಗೆ ಕಂಬಳಿ ಕೊಪ್ಪೆ, ಬರಿಗಾಲು. ಮಳೆಗಾಲದಲ್ಲಿ ರಾತ್ರಿ ಎರಡು ಸಲ ಏರಿಯ ಈ ತುದಿಯಿಂದ ಆ ತುದಿಗೆ ಲಾಟೀನು ಹಿಡಿದು ನಡೆಯುತ್ತಿದ್ದರು. ಹೆಗ್ಗಣದ ಬಿಲ, ಏಡಿಯ ಬಿಲ ಕಂಡರೆ ಜೇಡಿಮಣ್ಣು ತುರುಕಿ ಹಿಮ್ಮಡಿಯಲ್ಲಿ ತುಳಿಯುತ್ತಿದ್ದರು. ಏರಿಯ ಮೇಲೆ ದೊಡ್ಡ ಮರ ಏಳಲು ಬಿಡುತ್ತಿರಲಿಲ್ಲ; ಬೇರು ಸತ್ತ ಮೇಲೆ ಅದರ ಜಾಡಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ ಎನ್ನುತ್ತಿದ್ದರು. ಲಕ್ಕಿ ಗಿಡವಾದರೆ ಇರಲಿ, ಅದು ಮಣ್ಣನ್ನು ತಬ್ಬಿಕೊಳ್ಳುತ್ತದೆ. ಒಂದು ಸಲ ಅಪ್ಪನ ಜತೆ ಹೋಗಿದ್ದಾಗ ಏರಿಯ ಬುಡದಲ್ಲಿ ನೀರು ಒಸರುವುದನ್ನು ಕಂಡು ನಾನು ಹೆದರಿದೆ. ಅವರು ಬೊಗಸೆಯಲ್ಲಿ ಹಿಡಿದು ತೋರಿಸಿದರು. "ತಿಳಿ ನೀರು ಸಾಮಿ, ಕೆರೆ ಉಸುರಾಡ್ತಾ ಐತೆ. ಕದಡಿದ್ ನೀರು ಬಂದ್ರೆ ಊರೆಬ್ಸಬೇಕು." ಒಸರು ಕದಡಿದೆ ಎಂದರೆ ಏರಿಯ ಮಣ್ಣು ಒಳಗೊಳಗೇ ಕೊಚ್ಚಿಹೋಗುತ್ತಿದೆ ಎಂದು ಅರ್ಥ, ಅಣೆಕಟ್ಟಿನ ಇಂಜಿನಿಯರುಗಳೂ ಮೊದಲು ನೋಡುವುದು ಇದನ್ನೇ ಎಂದು ಆಮೇಲೆ ತಿಳಿಯಿತು. ಆ ನವೆಂಬರಿನ ರಾತ್ರಿ ತಮ್ಮನನ್ನು ನಾನು ಕೇಳಿದೆ: "ನೀರು ತಿಳಿಯಾಗಿದೆಯೋ ಕದಡಿದೆಯೋ?" ಅವನು ಸುಮ್ಮನಿದ್ದ. ನೋಡಬೇಕೆಂದೇ ಯಾರಿಗೂ ಹೊಳೆದಿರಲಿಲ್ಲ.

ಅಚ್ಚುಕಟ್ಟಿನ ಯಾವ ರೈತನೂ, ಎಷ್ಟೇ ದೊಡ್ಡವನಿರಲಿ, ತಾನೇ ಕಾಲುವೆ ಕಡಿದು ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ಅದು ನೀರುಗಂಟಿಯ ಕೆಲಸ. ಸ್ವಂತ ಗದ್ದೆ ಇಲ್ಲದವನಿಗೆ ಪಕ್ಷಪಾತವೂ ಇರುವುದಿಲ್ಲ ಎಂಬುದು ಹಳಬರ ಲೆಕ್ಕಾಚಾರ. ಎಂಥ ಲೆಕ್ಕಾಚಾರ ನೋಡಿ: ಭೂಮಿ ಇಲ್ಲದಂತೆ ಮಾಡಿಟ್ಟು, ಅದನ್ನೇ ನ್ಯಾಯಕ್ಕೆ ಜಾಮೀನು ಮಾಡಿಕೊಳ್ಳುವುದು. ಆದರೂ ಆ ನ್ಯಾಯ ನಡೆಯುತ್ತಿತ್ತು ಎಂಬುದೂ ನಿಜ. ಕೆರೆ ಅರ್ಧ ತುಂಬಿದ ವರ್ಷ ಹಿರಿಯರು ಕೂತು, ತೂಬಿನ ಹತ್ತಿರದ ಇಷ್ಟು ಗದ್ದೆಗೆ ಮಾತ್ರ ನೀರು ಎಂದು ಗೊತ್ತು ಮಾಡಿ, ಆ ಗದ್ದೆಗಳನ್ನೇ ಆ ವರ್ಷದ ಮಟ್ಟಿಗೆ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂತೆ ಪಾಲು ಹಾಕುತ್ತಿದ್ದರು. ಇದಕ್ಕೆ ದಾಮಾಷ ಎಂದು ಹೆಸರು. ನಮ್ಮ ಗದ್ದೆ ಬಯಲಿನ ಕೊನೆಯಲ್ಲಿತ್ತು. ಒಂದು ವರ್ಷ ಅಪ್ಪ, ತೂಬಿನ ಕೆಳಗಿದ್ದ ಬೇರೆಯವರ ಗದ್ದೆಯಲ್ಲಿ ನಮ್ಮ ಪಾಲಿನ ದೊಡ್ಡಬೈರನೆಲ್ಲು ನಾಟಿ ಹಾಕಿಸಿದ್ದು ನೆನಪಿದೆ. ಗದ್ದೆಯ ಯಜಮಾನರು ಬದುವಿನ ಮೇಲೆ ನಿಂತು ಎಲೆಅಡಿಕೆ ಜಗಿಯುತ್ತಿದ್ದರು. ಮನಸ್ಸಿನಲ್ಲಿ ಏನಿತ್ತೋ, ಬಾಯಲ್ಲಿ ಏನೂ ಬರಲಿಲ್ಲ.

ಸುಗ್ಗಿಯಲ್ಲಿ ಕಣದ ರಾಶಿಪೂಜೆ ಆದ ಮೇಲೆ ನೀರುಗಂಟಿಯ ಆಯ. ಮೊರದಲ್ಲಿ ಅಳೆದು, ಮುಟ್ಟದಂತೆ, ಅವರ ಕಂಬಳಿಗೆ ಸುರಿಯುತ್ತಿದ್ದರು. ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1963ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಹೋಗಬೇಕಾದ್ದೇ. ನಮ್ಮೂರಿನಲ್ಲಿ ಮಾತ್ರ ನೀರುಗಂಟಿ ಇನ್ನೂ ಇಪ್ಪತ್ತು ವರ್ಷ, ಕಾಗದದಲ್ಲಿ ಇಲ್ಲದ ಹುದ್ದೆಯಲ್ಲಿ, ಅದೇ ಏರಿಯ ಮೇಲೆ ನಡೆದರು.

ನಮ್ಮ ಕಡೆ ಮನೆಯೊಳಗೆ ಕನ್ನಡ, ಏರಿ ಹತ್ತಿದರೆ ತೆಲುಗು. "ಚೆರುವು ಮರವ ಪಾರಿಂದಿ!" ಎಂದು ಯಾರಾದರೂ ಕೂಗಿದರೆ ಮೇಷ್ಟ್ರು ಸ್ಲೇಟು ಇಡಿ ಎನ್ನುತ್ತಿದ್ದರು, ಕೋಡಿ ಹರಿದ ದಿನ ಶಾಲೆ ಎಲ್ಲಿಯದು? ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಗಂಗಮ್ಮನ ಕಲ್ಲಿನ ಹತ್ತಿರ ಹೋಗುತ್ತಿದ್ದರು. ಪೂಜೆಯ ನೀರು ತೂಬಿನ ಹತ್ತಿರದ್ದೇ ಆಗಬೇಕು, ಅದನ್ನು ಈಜಿ ತರುವವರು ನೀರುಗಂಟಿ. ತಂದುಕೊಟ್ಟ ಮೇಲೆ ಅವರು ದೂರ ನಿಲ್ಲಬೇಕು. ಇದನ್ನು ಬಿಟ್ಟು ಬರೀ ದೀಪದ ಚೆಂದವನ್ನು ಬರೆದರೆ ನನ್ನ ನೆನಪು ಸುಳ್ಳಾಗುತ್ತದೆ.

ಬೇಸಿಗೆಯಲ್ಲಿ ಕೆರೆಯ ಇನ್ನೊಂದು ಮುಖ. ಮನೆಗೊಂದಾಳು ಎಂದು ತಮಟೆ ಹೊಡೆಸಿ, ರಾಜಕಾಲುವೆಯ ಮಣ್ಣು ಎತ್ತಿಸುತ್ತಿದ್ದರು. ತಳದ ಗೋಡುಮಣ್ಣನ್ನು ಎತ್ತಿನ ಗಾಡಿಗಳಲ್ಲಿ ರಾಗಿ ಹೊಲಕ್ಕೆ ಸಾಗಿಸುತ್ತಿದ್ದರು. ಹೂಳೆತ್ತುವುದು ಒಂದು ಯೋಜನೆಯೆಂದು ಯಾರಿಗೂ ಗೊತ್ತಿರಲಿಲ್ಲ, ಅದು ಹೊಲಕ್ಕೆ ಬೇಕಾದ ಗೊಬ್ಬರ. ಕುಂಬಾರರು ತಮ್ಮ ಪಾಲಿನ ಜೇಡಿ ಒಯ್ಯುತ್ತಿದ್ದರು. ನೀರು ಇಳಿದ ಅಂಚಿನಲ್ಲಿ ಹೆಂಗಸರು ಹೊನಗೊನ್ನೆ ಸೊಪ್ಪು, ಒಂದೆಲಗ ಕುಯ್ದು ಮಡಿಲು ತುಂಬಿಕೊಳ್ಳುತ್ತಿದ್ದರು. ಕೆರೆಯ ಹಿನ್ನೀರಿನ ಕಡೆ ಜೊಂಡು, ಅದರಾಚೆ ಗುಂಡುತೋಪು: ಹೊಂಗೆ, ಹಿಪ್ಪೆ, ನೇರಳೆ, ಹುಣಸೆ. ಬಣ್ಣದ ಕೊಕ್ಕರೆಗಳು ಬಂದು ಕೆಸರಲ್ಲಿ ಒಂಟಿಕಾಲಲ್ಲಿ ನಿಲ್ಲುತ್ತಿದ್ದವು. ಗೌರಿಬಿದನೂರು ದಾಟಿ, ಗಡಿಯಾಚೆ ಹಿಂದೂಪುರದ ಹತ್ತಿರದ ವೀರಾಪುರದಲ್ಲಿ ಅವು ಗೂಡು ಕಟ್ಟುತ್ತವೆ. ನಮ್ಮೂರಿಗೆ ಬರುತ್ತಿದ್ದದ್ದು ಊಟಕ್ಕೆ.

ಇದು ಒಂದು ಊರಿನ ಕತೆಯಲ್ಲ. ದೊಡ್ಡ ನದಿಯಿಲ್ಲದ ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ನಾಲ್ಕು ಬಿರುಮಳೆಗಳಲ್ಲಿ. ಅದನ್ನು ಹಿಡಿದಿಡಲು ಒಂದರ ಕೋಡಿ ಇನ್ನೊಂದರ ಒಡಲಿಗೆ ಬೀಳುವಂತೆ ಕೆರೆಗಳನ್ನು ಸರ ಪೋಣಿಸಿದ್ದರು. ಹಳೆಯ ಕೋಲಾರ ಜಿಲ್ಲೆಯಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ, ಮೈಸೂರು ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಬಹಳ ಜಾಣತನ ಬೇಕು ಎಂಬರ್ಥದ ಮಾತು ಬರೆದಿಟ್ಟ. ನಾನು ಹುಡುಗನಾಗಿದ್ದಾಗ ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಸಣ್ಣ ರೈಲು ಬರುತ್ತಿತ್ತು. ಅದರ ಕಿಟಕಿಯಲ್ಲಿ ಕೂತ ಹುಡುಗರ ಆಟವೇ ಕೆರೆ ಎಣಿಸುವುದು. ಬಲಗಡೆಯವು ನನ್ನವು, ಎಡಗಡೆಯವು ತಂಗಿಯವು. 2013ರಲ್ಲಿ ದೊಡ್ಡ ಹಳಿ ಬಂದ ಮೇಲೆ ಒಂದು ಸಲ ಹೋದೆ. ಎಣಿಸಲು ಜಾಲಿಯ ಮೆಳೆಗಳಿದ್ದವು.

ಜಾಲಿ, ನೀಲಗಿರಿ. ನೀಲಗಿರಿಯದು ಒಂದು ವಿಚಿತ್ರ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದ ತನ್ನ ತೋಟದಲ್ಲಿ ಅದನ್ನು ನೆಡಿಸಿದನೆಂದು ಹೇಳುತ್ತಾರೆ. ಪಾಲಾರ್, ಪಿನಾಕಿನಿಗಳೆರಡು, ಚಿತ್ರಾವತಿ, ಪಾಪಾಗ್ನಿ ಹುಟ್ಟುವ ಬೆಟ್ಟಸಾಲಿನಲ್ಲೇ ನೀರು ಹೀರುವ ಮರಕ್ಕೂ ತೊಟ್ಟಿಲು. ಇನ್ನೂರು ವರ್ಷ ಅದು ಅಲ್ಲಿನ ಅತಿಥಿಯಾಗಿತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದು, ಕೋಲಾರ ಜಿಲ್ಲೆಯ ರಾಗಿ ಹೊಲ, ಗೋಮಾಳಗಳೆಲ್ಲ ನೀಲಗಿರಿಯಾದವು. ಮಳೆನೀರು ಕೆರೆಗೆ ಇಳಿಯುತ್ತಿದ್ದ ಬಯಲುಗಳೇ ಅವು. ಕೆರೆಯಂಗಳಕ್ಕೆ ಕರಿಜಾಲಿ ನೆಟ್ಟರು, ಬಳ್ಳಾರಿ ಜಾಲಿ ತಾನಾಗಿ ಬಂತು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಕಾಲುವೆಗಳು ಎಲ್ಲಿದ್ದವು ಎಂಬುದನ್ನು ಸರ್ವೆ ನಕ್ಷೆಯಲ್ಲಿ ಹುಡುಕಬೇಕಾಗಿತ್ತು.

ಮರದ ಮೇಲೆ ಎಲ್ಲ ತಪ್ಪು ಹೊರಿಸಿ ಜಾರಿಕೊಳ್ಳಲು ನನಗಾಗುವುದಿಲ್ಲ. ನಮ್ಮೂರ ಅಚ್ಚುಕಟ್ಟಿನಲ್ಲಿ ಮೊದಲ ಬೋರ್‌ವೆಲ್ ಕೊರೆಸಿದ್ದು ನಮ್ಮಪ್ಪ. ಇನ್ನೂರು ಅಡಿಗೇ ನೀರು ಚಿಮ್ಮಿತು. ಊರೆಲ್ಲ ನೋಡಲು ಬಂತು, ಅಮ್ಮ ಪಾನಕ ಹಂಚಿದಳು. ಆ ವರ್ಷದಿಂದ ಅಪ್ಪ ದಾಮಾಷದ ಸಭೆಗೆ ಹೋಗಲಿಲ್ಲ. ಹೋಗುವ ಅಗತ್ಯ ಏನಿತ್ತು? ಮರುವರ್ಷ ಇನ್ನೂ ನಾಲ್ಕು ಮನೆಯವರು ಹೋಗಲಿಲ್ಲ. ಮೋಟಾರಿಗೆ ಸ್ವಿಚ್ಚು ಹಾಕಿದರೆ ನೀರು ಬರುವಾಗ ತೂಬಿನವನಿಗೆ ಆಯ ಯಾಕೆ ಎಂಬ ಮಾತು ನಮ್ಮ ಜಗಲಿಯಲ್ಲೇ ಹುಟ್ಟಿದ್ದು. ಇವತ್ತು ಅದೇ ಹೊಲದಲ್ಲಿ ಸಾವಿರದ ಇನ್ನೂರು ಅಡಿ ಇಳಿದರೂ ಬರೀ ಕಲ್ಲುಪುಡಿ. ಇನ್ನೂ ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್, ಮಕ್ಕಳ ಹಲ್ಲು ಹಳದಿ. ರೇಷ್ಮೆಗೆ ಹೆಸರಾದ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳು ಕಪ್ಪು ಹನಿಪೈಪಿನ ಮೇಲೆ ಬದುಕಿವೆ. ಕೆರೆ ತುಂಬಿತೋ ಬತ್ತಿತೋ ಎಂದು ತೋಟಕ್ಕೆ ಗೊತ್ತಾಗುವುದಿಲ್ಲ.

ಸರಿಪಡಿಸುವ ಯತ್ನಗಳು ಆಗಿಲ್ಲವೆಂದಲ್ಲ. 2002ರಲ್ಲಿ ಜಲ ಸಂವರ್ಧನೆ ಯೋಜನಾ ಸಂಘದ ಹೆಸರಿನಲ್ಲಿ ಸಮುದಾಯವೇ ಕೆರೆ ನೋಡಿಕೊಳ್ಳುವ ದೊಡ್ಡ ಯೋಜನೆ ಬಂತು. ಕೆರೆ ಬಳಕೆದಾರರ ಸಂಘ ಕಟ್ಟಿ ಹೂಳೆತ್ತುವುದು, ಏರಿ ಗಟ್ಟಿ ಮಾಡುವುದು, ಆಮೇಲೆ ಊರಿನವರೇ ನಡೆಸಿಕೊಂಡು ಹೋಗುವುದು. ವಿಚಾರದಲ್ಲಿ ಕೊರತೆಯಿಲ್ಲ. ಎಷ್ಟೋ ಊರಿನಲ್ಲಿ ಕೆಲಸವೂ ಆಯಿತು. ನಮ್ಮೂರಿನಲ್ಲಿ ಕೆಲಸ ನಡೆಯುವಷ್ಟು ದಿನ ಸಂಘ ಸೇರಿತು, ಆಮೇಲೆ ಸೇರಲಿಲ್ಲ. ಕೆರೆಯಿಂದ ನೇರವಾಗಿ ಗದ್ದೆ ಮಾಡುವವರೇ ಇಲ್ಲದ ಊರಿನಲ್ಲಿ ಬಳಕೆದಾರ ಯಾರು?

ಈಗ ನೀರು ಬೇರೆ ದಾರಿಯಲ್ಲಿ ಬರುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಬಚ್ಚಲ ನೀರು ಎರಡು ಹಂತ ಶುದ್ಧವಾಗಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬೀಳುತ್ತಿದೆ. ಮೂರನೇ ಹಂತವೂ ಆಗಲಿ ಎಂದು ಶಾಶ್ವತ ನೀರಾವರಿ ಹೋರಾಟಗಾರರು ಕೂಗುತ್ತಲೇ ಇದ್ದಾರೆ. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದ ಎತ್ತಿನಹೊಳೆ ಯೋಜನೆಯ ನೀರನ್ನು 2024ರ ಗೌರಿ ಹಬ್ಬದಂದು ಸಕಲೇಶಪುರದ ಕಡೆ ಮೇಲೆತ್ತಿದ್ದಾಯಿತು. ಬರಲಿ. ಬೋರ್‌ವೆಲ್‌ಗಳಲ್ಲಿ ನೀರು ಏರಿದ ಊರುಗಳನ್ನು ನಾನೇ ಕಂಡಿದ್ದೇನೆ, ಕುಹಕ ಆಡಲಾರೆ. ಆದರೆ ಪೈಪಿನಿಂದ ತುಂಬಿದ ಒಂದು ಕೆರೆಯ ಏರಿಯ ಮೇಲೆ ಅರ್ಧ ದಿನ ಕೂತಿದ್ದೆ. ದಡಕ್ಕೆ ಹಸಿರು ಪಾಚಿ, ಮೂಲೆಯಲ್ಲಿ ನೊರೆ. ಸೊಪ್ಪು ಕುಯ್ಯಲು ಯಾರೂ ಬರಲಿಲ್ಲ. ದನ ಕುಡಿಸಲು ಬಂದ ಹುಡುಗನಿಗೆ ಅದು ಯಾರ ಕೆರೆ ಎಂದು ಕೇಳಿದೆ. "ಗೌರ್ಮೆಂಟ್‌ದು" ಎಂದ.

ಎರಡು ವರ್ಷದ ಹಿಂದೆ ಕುಮಟಾ ಕಡೆ ಹೋಗಿದ್ದಾಗ ಅಘನಾಶಿನಿಯ ಅಳಿವೆಯಲ್ಲಿ ಮೊಣಕಾಲು ಕೆಸರಿನಲ್ಲಿ ಹೆಂಗಸರು ಕಾಂಡ್ಲಾ ಸಸಿ ನೆಡುವುದನ್ನು ಕಂಡೆ. ಸಮುದ್ರ ದಡ ಕೊರೆಯದಂತೆ ತಡೆಯುವ, ಮೀನು ಸಿಗಡಿಗಳ ಮರಿಗೆ ಮರೆಯಾಗುವ ಗಿಡ. ನೋಡುತ್ತಿದ್ದರೆ ನಮ್ಮ ಕೆರೆಯಂಚಿನ ಜೊಂಡು, ಲಕ್ಕಿಯೇ ಉಪ್ಪುನೀರಿಗೆ ಇಳಿದಂತೆ ಕಂಡಿತು. ಅಲ್ಲಿನ ಹಿರಿಯರೊಬ್ಬರು ಗಜನಿ ಗದ್ದೆಗಳ ಕತೆ ಹೇಳಿದರು. ಉಪ್ಪು ತಡೆಯುವ ಕಗ್ಗ ಭತ್ತ, ಅದಕ್ಕೆ ಮಣ್ಣಿನ ಕಟ್ಟೆ, ಕಟ್ಟೆ ಕಾಯಲು ಊರೇ ಒಂದು. ಆಮೇಲೆ ಸರ್ಕಾರದ ಕಲ್ಲುಕಟ್ಟೆ ಬಂತು, ಸಿಗಡಿ ಗುತ್ತಿಗೆ ಬಂತು, ಕಗ್ಗ ಬಿತ್ತುವವರು ಬೆರಳೆಣಿಕೆಯಾದರು. "ಕಟ್ಟೆ ಗಟ್ಟಿ ಆಯ್ತು, ಕಟ್ಟೆ ಮೇಲೆ ಓಡಾಡೋ ಜನ ಇಲ್ಲ" ಎಂದರು. ಆ ಅಳಿವೆ 2024ರಲ್ಲಿ ರಾಮ್‌ಸರ್ ಜೌಗುಪ್ರದೇಶಗಳ ಪಟ್ಟಿ ಸೇರಿತು. ನಮ್ಮ ಉತ್ತರ ಪಿನಾಕಿನಿಯೂ ಒಂದು ಕಡಲಿಗೆ ಸೇರಬೇಕಾದ್ದೇ, ನೆಲ್ಲೂರಿನ ಹತ್ತಿರ. ಅಲ್ಲಿನ ಕಾಂಡ್ಲಾಕ್ಕೂ ಬೇಕಾದ್ದು ಉಪ್ಪಿನ ಜತೆ ಬೆರೆಯುವ ಸಿಹಿನೀರು. ಗೌರಿಬಿದನೂರು ದಾಟಿ ವಿದುರಾಶ್ವತ್ಥಕ್ಕೆ ಹೋದಾಗಲೆಲ್ಲ ಆ ನದಿಯನ್ನು ನೋಡುತ್ತೇನೆ. 1938ರ ಏಪ್ರಿಲ್ 25ರಂದು ಧ್ವಜಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿದ ಊರು ಅದು. ಹಳೆಯ ಅಶ್ವತ್ಥ 2001ರಲ್ಲಿ ಉರುಳಿತು. ನಾಗರಕಲ್ಲುಗಳಿವೆ, ಸ್ಮಾರಕವಿದೆ, ಮಗ್ಗುಲಲ್ಲಿ ನದಿಯ ಜಾಗವಿದೆ.

ಕೋಡಿ ಒಡೆದ ಮರುವರ್ಷ ಊರಿಗೆ ಹೋಗಿ, ನೀರುಗಂಟಿಯವರ ಮೊಮ್ಮಗನನ್ನು ಹುಡುಕಿದೆ. ಶಿಡ್ಲಘಟ್ಟದಲ್ಲಿ ರೀಲಿಂಗ್ ಘಟಕವೊಂದರಲ್ಲಿ ಕೆಲಸ. ಮಗಳು ಚಿಂತಾಮಣಿಯಲ್ಲಿ ಕಾಲೇಜು ಓದುತ್ತಿದ್ದಾಳೆ, ಮೊದಲು ಹೇಳಿದ್ದೇ ಅದನ್ನು. ತೂಬಿನ ಮಾತು ತೆಗೆದೆ. ನಕ್ಕ.

"ನಂಗೇನ್ ಗೊತ್ತು ಸಾರ್. ತಾತ ನಮ್ಮಪ್ಪಂಗೆ ಹೇಳ್ಕೊಟ್ಟಿದ್ರು. ಅಪ್ಪ ನಂಗೆ, 'ಕಲೀಬ್ಯಾಡ, ಕಲಿತ್ರೆ ಇಲ್ಲೇ ಇರ್ತೀಯ' ಅಂದ."

ನನ್ನ ಹತ್ತಿರ ಉತ್ತರವಿರಲಿಲ್ಲ. ಅವರಪ್ಪ ಹೇಳಿದ್ದು ಸರಿ. ಕಣದ ಅಂಚಿನಲ್ಲಿ ಕಂಬಳಿ ಹಿಡಿದು ನಿಂತವರ ಮಗ ಬೇರೆ ಏನು ಹೇಳಿಯಾನು? ನಾನು ಕಳೆದುಹೋಯಿತೆಂದು ಅಳುತ್ತಿರುವುದನ್ನು ಅವರು ಬೇಕೆಂದೇ ಬಿಟ್ಟುಕೊಟ್ಟಿದ್ದರು. ಆ ಬುದ್ಧಿಯನ್ನು ಉಳಿಸಿಕೊಂಡು ಆ ಅವಮಾನವನ್ನು ಮಾತ್ರ ಕಳೆಯುವುದಕ್ಕೆ ಊರಿಗೆ ಅರವತ್ತು ವರ್ಷ ಸಮಯವಿತ್ತು. ಸಂಬಳ ಕೊಟ್ಟು, ಹೆಸರು ಹಿಡಿದು ಕರೆದು, ಪಂಚಾಯಿತಿಯಲ್ಲಿ ಕುರ್ಚಿ ಹಾಕಿದ್ದರೆ ಆಗುತ್ತಿತ್ತು. ನಾವು ಮೋಟಾರು ಹಾಕಿಕೊಂಡೆವು.

ಹೊರಡುವಾಗ ಆತ ಕರೆದು ಒಂದು ಮಾತು ಸೇರಿಸಿದ. ತಾತ ಕತ್ತಲಲ್ಲಿ ಗಂಗಮ್ಮನ ಕಲ್ಲಿಗೆ ಬೆನ್ನು ಕೊಟ್ಟು ಹೆಜ್ಜೆ ಎಣಿಸುತ್ತಿದ್ದರಂತೆ. ಚಿಕ್ಕವನಿದ್ದಾಗ ಹೆಗಲ ಮೇಲೆ ಕೂತು ತಾನೂ ಎಣಿಸಿದ್ದು ನೆನಪಂತೆ. ಭಾನುವಾರ ಇಬ್ಬರೂ ಹೋದೆವು. ಜಾಲಿಯ ಮುಳ್ಳು ಸವರಿಕೊಂಡು, ಅವನು ಎಣಿಸಿದ, ನಾನು ಹಿಂದೆ ನಡೆದೆ. ಸನಿಕೆಯಲ್ಲಿ ಒಂದೂವರೆ ಅಡಿ ಹೂಳು ಕೆದಕಿದಾಗ ಕಲ್ಲು ಠಣ್ ಎಂದಿತು. ತೂತು ಕೊರೆದ ಹಾಸುಗಲ್ಲು.

ನಮ್ಮೂರ ಕೆರೆಯ ದೊಡ್ಡ ತೂಬು ಗಂಗಮ್ಮನ ಕಲ್ಲಿನಿಂದ ಮೂಡಲಿಗೆ 140 ಹೆಜ್ಜೆ. ಚಿಕ್ಕ ತೂಬು ಇನ್ನೂ ಸಿಕ್ಕಿಲ್ಲ.